ಊರಿನ ಧ್ವಜಕಟ್ಟೆಗೂ ಒಂದು ಕಥೆ ಇದೆ

ಎಲ್ಲರಿಗೂ ನಮಸ್ಕಾರ.

ಸ್ವಾತಂತ್ರ್ಯ ದಿನ ಹತ್ತಿರ ಬಂದರೆ ನಮ್ಮ ಸಣ್ಣ ಊರುಗಳಿಗೆ ಒಂದು ಕಳೆ ಬರುತ್ತದೆ. ಹಿಂದಿನ ದಿನವೇ ಧ್ವಜಕಟ್ಟೆಗೆ ಸುಣ್ಣ ಬಳಿಯುತ್ತಾರೆ. ಬೆಳಿಗ್ಗೆ ಬೇಗ ಎದ್ದು ಸುತ್ತ ರಂಗೋಲಿ ಬಿಡುತ್ತಾರೆ. ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಮಕ್ಕಳು ಪ್ರಭಾತಫೇರಿ ಹೊರಡುತ್ತಾರೆ. ಶಾಲೆ, ಪಂಚಾಯ್ತಿ, ತಾಲ್ಲೂಕು ಮೈದಾನ, ಹೀಗೆ ಒಂದಾದ ಮೇಲೊಂದು ಬಾವುಟ ಏರುತ್ತದೆ. ಕೊನೆಗೆ ಎಲ್ಲರಿಗೂ ಸಿಹಿ. ನನಗೆ ಈ ಹಬ್ಬ ತುಂಬಾ ಇಷ್ಟ. ಆದರೆ ಅಲ್ಲಿ ಆಗುವ ಭಾಷಣಗಳಲ್ಲಿ ನಮ್ಮ ನೆಲದ ಬಾವುಟದ ಕಥೆ ಬರುವುದೇ ಅಪರೂಪ. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

1938ರ ಏಪ್ರಿಲ್ ತಿಂಗಳು. ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ಆಗ ಇದು ಮಹಾರಾಜರ ಸಂಸ್ಥಾನ. ಇಲ್ಲಿ ಕಾಂಗ್ರೆಸ್ಸಿನ ಚರಕದ ಬಾವುಟ ಹಾರಿಸಬಾರದು ಅಂತ ಸರ್ಕಾರದ ನಿಷೇಧ ಇತ್ತು. ಆದರೂ ಸಾವಿರಾರು ಜನ ಸೇರಿದರು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಏಪ್ರಿಲ್ 11ರಂದು ಬಾವುಟ ಏರಿತು, ಅವರ ಬಂಧನವೂ ಆಯಿತು. ಅದೇ ಶಿವಪುರದ ಧ್ವಜ ಸತ್ಯಾಗ್ರಹ.

ಅದಾಗಿ ಎರಡೇ ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಅಶ್ವತ್ಥ ಮರ, ನಾಗರಕಲ್ಲುಗಳ ಊರು ಅದು. ಬಾವುಟ ಹಾರಿಸಲು ಹೊರಟವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಅನ್ನುವುದರಲ್ಲಿ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಸುದ್ದಿ ದೇಶದ ತುಂಬ ಹರಡಿತು. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಕೊನೆಗೆ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು. ಯೋಚನೆ ಮಾಡಿ, ಒಂದು ಬಟ್ಟೆಯನ್ನು ಕಂಬಕ್ಕೆ ಏರಿಸುವ ಹಕ್ಕಿಗಾಗಿ ನಮ್ಮ ಹಳ್ಳಿಗಳ ಜನ ಪ್ರಾಣ ಕೊಟ್ಟಿದ್ದಾರೆ.

ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರು ಕೇಳಿರುತ್ತೀರಿ. 1942ರಲ್ಲಿ ಆ ಊರಿನವರು ತಾವೇ ಸ್ವತಂತ್ರ ಎಂದು ಸಾರಿ, ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿಸಿದರು. ಹುಡುಗರನ್ನೇ ಅಮಲ್ದಾರ (ಅಂದರೆ ಈಗಿನ ತಹಶೀಲ್ದಾರ), ಸಬ್ ಇನ್ಸ್‌ಪೆಕ್ಟರ್ ಮಾಡಿಕೊಂಡರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನುವ ಘೋಷಣೆ ಅಲ್ಲಿಯದು. ಮುಂದಿನ ವರ್ಷ ಮಾರ್ಚಿನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಪ್ರಭಾತಫೇರಿಗೆ ಬರುವ ಮಕ್ಕಳಿಗೆ ಈ ಕಥೆ ಹೇಳಿ. ಅವರ ವಯಸ್ಸಿನವರೇ ಅದರಲ್ಲಿದ್ದಾರೆ, ಅಲ್ವಾ?

ಇನ್ನು ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಸಿಗಲಿಲ್ಲ. ಅವರು ನಿಜಾಮರ ಆಳ್ವಿಕೆಯಲ್ಲಿದ್ದರು. ಅದು ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅದಕ್ಕೇ ಆ ಜಿಲ್ಲೆಗಳಲ್ಲಿ ಇಂದಿಗೂ ಸೆಪ್ಟೆಂಬರ್ 17ರಂದು ಇನ್ನೊಮ್ಮೆ ಧ್ವಜಾರೋಹಣ ಆಗುತ್ತದೆ.

ಈಗ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಇದು ನನ್ನ ಮನಸ್ಸಿಗೆ ಜಾಸ್ತಿ ಹತ್ತಿರದ್ದು. ಧಾರವಾಡ ತಾಲ್ಲೂಕಿನ ಗರಗದಲ್ಲಿ ದಶಕಗಳಿಂದ ಬಾವುಟದ ಖಾದಿ ನೇಯುತ್ತಾ ಬಂದಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಬಾವುಟಗಳು ತಯಾರಾಗುತ್ತವೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬಾವುಟಕ್ಕೆ ಒಂದು ಬಗೆಯ ಬಟ್ಟೆ, ಹಗ್ಗ ಹೋಗುವ ಪಟ್ಟಿಗೆ ಇನ್ನೂ ದಪ್ಪನೆಯ ಬಟ್ಟೆ. ಅಳತೆ ಯಾವುದೇ ಇರಲಿ, ಉದ್ದ ಅಗಲ 3:2 ಇರಲೇಬೇಕು. 24 ಗೆರೆಗಳ ಚಕ್ರ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅತಿ ಚಿಕ್ಕ ಬಾವುಟ 150 ಮಿಲಿಮೀಟರ್ ಉದ್ದ, ಅತಿ ದೊಡ್ಡದು 6,300 ಮಿಲಿಮೀಟರ್. ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆದರೂ ತಪಾಸಣೆಯಲ್ಲಿ ಪಾಸಾಗುವುದಿಲ್ಲ.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ, ಅಂದರೆ ಬಾವುಟದ ನಿಯಮಗಳು, ತಿದ್ದುಪಡಿ ಆಯಿತು. ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಸ್ವಾತಂತ್ರ್ಯದ 75ನೇ ವರ್ಷಕ್ಕೆ ಮನೆ ಮನೆಯಲ್ಲಿ ಬಾವುಟ ಹಾರಿತು. ನೋಡಲು ಕಣ್ತುಂಬುವ ಹಾಗಿತ್ತು, ನಿಜ. ಆದರೆ ಖಾದಿ ಕೆಲಸಗಾರರು ಕಂಗಾಲಾದರು, ಬೆಂಗೇರಿಯಲ್ಲಿ ಪ್ರತಿಭಟನೆಯೂ ನಡೆಯಿತು. ಮನೆಯ ಮೇಲೆ ಯಾವ ಬಟ್ಟೆ ಅನ್ನುವುದು ಅವರವರ ಕೈಲಾದ ಮಾತು. ಆದರೆ ಊರಿನ ಧ್ವಜಕಟ್ಟೆಯ ಮೇಲೆ, ಶಾಲೆಯ ಕಂಬದ ಮೇಲೆ ನಮ್ಮವರು ನೇಯ್ದ ಖಾದಿಯೇ ಹಾರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಅಂಗಡಿಗೆ ಓಡಿದರೆ ಒಳ್ಳೆಯ ಬಾವುಟ ಸಿಗುವುದು ಕಷ್ಟ. ಪಂಚಾಯ್ತಿಯವರು ಎರಡು ತಿಂಗಳು ಮೊದಲೇ ಹೇಳಿಟ್ಟರೆ ನೇಕಾರರಿಗೂ ಕೆಲಸ ಸಿಗುತ್ತದೆ.

ನಿಯಮಗಳು ನಿಮಗೆ ಗೊತ್ತಿರುವವೇ. ಕೇಸರಿ ಮೇಲಿರಬೇಕು, ಬಟ್ಟೆಯ ಮೇಲೆ ಏನೂ ಬರೆಯಬಾರದು, ಹರಿದದ್ದನ್ನು ಹಾರಿಸಬಾರದು. ಬಾವುಟದ ಒಳಗೆ ಹೂವಿನ ಎಸಳು ಕಟ್ಟುವ ನಮ್ಮ ಪದ್ಧತಿಗೆ ಸಂಹಿತೆಯಲ್ಲೇ ಒಪ್ಪಿಗೆ ಇದೆ, ಅನುಮಾನ ಬೇಡ.

ನಾವು ಮರೆಯುವುದು ಮರುದಿನವನ್ನು. ಆಗಸ್ಟ್ 16ರ ಬೆಳಿಗ್ಗೆ ಮೈದಾನದಲ್ಲಿ, ಚರಂಡಿ ಪಕ್ಕದಲ್ಲಿ ಬಿದ್ದ ಕಾಗದದ ಬಾವುಟ ಕಂಡರೆ ಹೊಟ್ಟೆ ಉರಿಯುತ್ತದೆ. ಅವನ್ನು ನೆಲಕ್ಕೆ ಎಸೆಯಬಾರದು. ಹಾಳಾದ ಬಾವುಟವನ್ನು ಜನರ ಕಣ್ಣಿಗೆ ಬೀಳದ ಹಾಗೆ, ಗೌರವದಿಂದ, ಇಡಿಯಾಗಿ ಸುಡಬೇಕು. ಪ್ರತಿ ಶಾಲೆಯಲ್ಲೂ ಪಂಚಾಯ್ತಿಯಲ್ಲೂ ಹಳೆಯ ಬಾವುಟಕ್ಕೆ ಅಂತ ಒಂದು ಪೆಟ್ಟಿಗೆ ಇಟ್ಟರೆ ಜನ ತಾವಾಗಿಯೇ ತಂದು ಹಾಕುತ್ತಾರೆ. ಈ ವರ್ಷ ಯಾವ್ಯಾವ ಶಾಲೆಯವರು ಮುಂದೆ ಬರುತ್ತೀರಿ ಅಂತ ಸಭೆ ಮುಗಿದ ಮೇಲೆ ನನಗೆ ಹೇಳಿ, ಪಟ್ಟಿ ಮಾಡಿಕೊಳ್ಳೋಣ.