ಮೊದಲು ತೂಕ ಇಳಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ನಾನು ಗ್ಯಾರೇಜ್ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ನಮ್ಮ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ಕಾರು ರ‍್ಯಾಲಿ ನಡೆದಾಗ ಸರ್ವಿಸ್ ತಂಡದ ಜೊತೆ ರಾತ್ರಿಯೆಲ್ಲ ಸ್ಪ್ಯಾನರ್ ಹಿಡಿದವನು. ಗ್ಯಾರೇಜಿಗೆ ಬರುವ ಹುಡುಗರು ಕೇಳುವುದು ಒಂದೇ ಮಾತು: "ಅಣ್ಣ, ಪಿಕಪ್ ಸಾಲಲ್ಲ, ಇಂಜಿನ್‌ಗೆ ಏನಾದ್ರೂ ಮಾಡಿ." ನಾನು ಹೇಳುವುದೂ ಒಂದೇ ಮಾತು. ಇಂಜಿನ್ ಮುಟ್ಟಬೇಡ ಮಾರಾಯ, ಮೊದಲು ತೂಕ ಇಳಿಸು.

ಹೋದ ಮಳೆಗಾಲಕ್ಕೆ ಮುಂಚೆ ಒಬ್ಬ ಹುಡುಗ ಬಂದ. ಅವನದು ಅಪ್ಪನ ಕಾಲದ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, 37 ಹಾರ್ಸ್‌ಪವರ್. ಆ ಗಾಡಿಯ ತೂಕ ಎಷ್ಟು ಗೊತ್ತೇ? ಸುಮಾರು 650 ಕೆ.ಜಿ. ಹದಿಮೂರು ಮೂಟೆ ಕಾಫಿ, ಅಷ್ಟೇ! ಮಲೆನಾಡಿನ ಏರಿಗೆ ಅಂಥ ಹಗುರ ಗಾಡಿ ಸಿಕ್ಕುವುದೇ ಅಪರೂಪ. ಹುಡುಗ ಹೇಳಿದ, "ಗಿರಿ ಹತ್ತುವಾಗ ಫಸ್ಟ್ ಗೇರಿಂದ ಮೇಲೆ ಹೋಗಲ್ಲ ಅಣ್ಣ. ತಿರುವಲ್ಲಿ ಹಿಂದುಗಡೆ ಎಳೆದಂಗೆ ಆಗುತ್ತೆ. ಬೇರೆ ಇಂಜಿನ್ ಕೂರಿಸೋಣ."

ನಾನು ಬಾನೆಟ್ ತೆಗೆಯಲೇ ಇಲ್ಲ. ಪಕ್ಕದ ಕಾಫಿ ಗೋದಾಮಿನಲ್ಲಿ ಮೂಟೆ ತೂಗುವ ಕಾಟಾ ಇದೆ, ಗಾಡಿಯನ್ನು ಅದರ ಹತ್ತಿರ ನಿಲ್ಲಿಸಿದೆ. ಡಿಕ್ಕಿ ತೆಗೆಸಿದೆ. ಟೂಲ್ ಪೆಟ್ಟಿಗೆ, ಅದರೊಳಗೆ ತುಕ್ಕು ಹಿಡಿದ ಎರಡನೇ ಜಾಕ್: 17 ಕೆ.ಜಿ. ಹಿಂದಿನ ಸೀಟಿನ ಮೇಲೆ ವೂಫರ್ ಡಬ್ಬ, ಆಂಪ್ಲಿಫೈಯರ್: 26. ಸೀಟಿನ ಕೆಳಗೆ ಅರ್ಧ ಚೀಲ ಯೂರಿಯಾ, ತೋಟಕ್ಕೆ ಅಂತ ತಂದು ಮರೆತಿದ್ದು: 22. ಮುಂದೆ ಕಬ್ಬಿಣದ ಗಾರ್ಡ್: 21. ತಲೆಯ ಮೇಲೆ ಕ್ಯಾರಿಯರ್: 15. ಕೊನೆಗೆ ಮ್ಯಾಟ್ ಎತ್ತಿದರೆ ಅದರ ಕೆಳಗಿನ ನಾರು ಹಾಸು ನೀರು ಕುಡಿದು ಕೊಳೆತಿದೆ, ಚಕ್ರದ ಮೇಲಿನ ಗೂಡಿನಲ್ಲಿ ಎರಡು ಮಳೆಗಾಲದ ಕೆಸರು ಗಟ್ಟಿಯಾಗಿದೆ. ಕೆರೆದು ತೂಗಿದರೆ 9 ಕೆ.ಜಿ. ಅವನೇ ಕ್ಯಾಲ್ಕುಲೇಟರ್ ಒತ್ತಿದ. 110!

ಎರಡು ಮೂಟೆ ಕಾಫಿಗಿಂತ ಜಾಸ್ತಿ. ದಿನಾ ಆಫೀಸಿಗೆ, ಸಂತೆಗೆ, ಗಿರಿಗೆ, ಎಲ್ಲ ಕಡೆಗೂ ಅದನ್ನು ಹೊತ್ತು ತಿರುಗುತ್ತಿದ್ದ.

ಈಗ ಲೆಕ್ಕ ನೋಡಿ. 650 ಕೆ.ಜಿ.ಗೆ 37 ಹಾರ್ಸ್‌ಪವರ್ ಅಂದರೆ, ಒಂದೊಂದು ಕುದುರೆ ಹದಿನೇಳೂವರೆ ಕೆ.ಜಿ. ಎಳೆಯುತ್ತದೆ. 110 ಸೇರಿಸಿದರೆ ಇಪ್ಪತ್ತೂವರೆ. ಈ ಹೊರೆ ಹೊತ್ತೂ ಮೊದಲಿನ ಓಟ ಬೇಕೆಂದರೆ 43 ಹಾರ್ಸ್‌ಪವರ್ ಬೇಕು. ಅವನು ದುಡ್ಡು ಕೊಟ್ಟು ಹಾಕಿಸಬೇಕು ಅಂದುಕೊಂಡ ಆರು ಹಾರ್ಸ್‌ಪವರ್ ಆ ಕಾಟಾದ ಮೇಲೇ ಕೂತಿತ್ತು. ಮಾರನೇ ದಿನ ಕೈಮರ ದಾಟಿ ಗಿರಿಯ ಏರಿನಲ್ಲಿ ಗಾಡಿ ಸೆಕೆಂಡ್ ಗೇರಿನಲ್ಲಿ ಹತ್ತಿತು. ಪಕ್ಕದ ಸೀಟಿನಲ್ಲಿ ನಾನೇ ಕೂತಿದ್ದೆ.

ಹತ್ತುವುದು ದೊಡ್ಡದಲ್ಲ, ಇಳಿಯುವುದು ದೊಡ್ಡದು. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ನಮ್ಮ ಪೇಟೆ ಹತ್ತಿರ ಹತ್ತಿರ 1100. ಎಂಟುನೂರು ಮೀಟರ್ ಇಳಿಯುವಾಗ ಆ 110 ಕೆ.ಜಿ.ಯಿಂದ ಹುಟ್ಟುವ ಶಾಖ ಎಷ್ಟೆಂದರೆ, ಎರಡೂವರೆ ಲೀಟರ್ ತಣ್ಣೀರು ಕುದಿ ಬರುವಷ್ಟು. ಇಂಜಿನ್ ತಡೆದಷ್ಟು ತಡೆಯುತ್ತದೆ, ಉಳಿದದ್ದನ್ನೆಲ್ಲ ನಿಮ್ಮ ಬ್ರೇಕ್ ಪ್ಯಾಡು, ಡ್ರಮ್ಮು ನುಂಗಬೇಕು. ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ ಮುಂದಿನ ಗಾಡಿಯಿಂದ ಸುಟ್ಟ ವಾಸನೆ ಬರುತ್ತದಲ್ಲ, ಅದು ಇದೇ. ಹಗುರ ಮಾಡಿದರೆ ಆ ವಾಸನೆಯೂ ಕಡಿಮೆ, ಭಯವೂ ಕಡಿಮೆ.

ತೂಕ ಎಲ್ಲಿದೆ ಎನ್ನುವುದೂ ಮುಖ್ಯ. ತಲೆಯ ಮೇಲಿನ 15 ಕೆ.ಜಿ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ವಾಲಿಸುತ್ತದೆ. ಡಿಕ್ಕಿಯ ಭಾರ ಹಿಂದುಗಡೆಯನ್ನು ಎಳೆಯುತ್ತದೆ. ಮೂಗಿನ ಮೇಲಿನ ಗಾರ್ಡ್ ಇದ್ದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ತಡವಾಗಿ ತಿರುಗುತ್ತದೆ. ಗಾರ್ಡ್ ಹಾಕಬಾರದು ಎಂದು ಕೇಂದ್ರ ಸರ್ಕಾರ 2017ರಲ್ಲೇ ಹೇಳಿದೆ. ಏರ್‌ಬ್ಯಾಗ್ ಇರುವ ಗಾಡಿಗೆ ಅದು ಇನ್ನೂ ಅಪಾಯ, ದಯವಿಟ್ಟು ಇವತ್ತೇ ಬಿಚ್ಚಿಸಿ.

ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರ್ ಲೋಟಸ್ ಕಂಪನಿ ಕಟ್ಟಿದ್ದೇ ಈ ಹಗುರತನದ ಹಟದ ಮೇಲೆ. ಅವರು ತೀರಿಕೊಂಡ ಮೇಲೆ, 1996ರಲ್ಲಿ ಆ ಕಂಪನಿ ಎಲೀಸ್ ಎಂಬ ಕಾರು ತಂದಿತು. ಅದರ ಅಲ್ಯೂಮಿನಿಯಂ ಚಾಸಿ, ಅಂದರೆ ಇಡೀ ಕಾರನ್ನು ಹೊರುವ ಚೌಕಟ್ಟು, ಬರೀ 68 ಕೆ.ಜಿ. ಒಬ್ಬ ಆಳಿನ ತೂಕ! ಇಂಜಿನ್ ಸಾಧಾರಣವೇ, ಆದರೂ ತಿರುವಿನಲ್ಲಿ ದೊಡ್ಡ ದೊಡ್ಡ ಕಾರುಗಳು ಅದರ ಹಿಂದೆ ಉಳಿದವು. ನಮ್ಮ ಹುಡುಗರಿಗೆ ಇದು ಅರ್ಥವಾಗಲಿ ಎಂದೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ಮೊದಲು ತೂಕ ಇಳಿಸಿ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಅಲಾಯ್ ವೀಲ್ ಅಂದಮಾತ್ರಕ್ಕೆ ಹಗುರ ಅಲ್ಲ. ಎರಡು ಇಂಚು ದೊಡ್ಡದು ಹಾಕಿದರೆ ಟೈರ್ ಸೇರಿ ಹಳೆಯದಕ್ಕಿಂತ ಭಾರವೇ ಆಗಬಹುದು. ಚಕ್ರದ ಭಾರ ಸ್ಪ್ರಿಂಗಿನ ಕೆಳಗಿರುತ್ತದೆ, ಗುಂಡಿ ಸಿಕ್ಕಾಗ ಕುಣಿಯುವುದು ಅದೇ. ಕೊಳ್ಳುವ ಮುಂಚೆ ಹಳೆಯದನ್ನೂ ಹೊಸದನ್ನೂ ತೂಗಿಸಿ.

ಇನ್ನು, ಏನು ಬಿಚ್ಚಬಾರದು. ಸ್ಟೆಪ್ನಿ ಬಿಚ್ಚಬೇಡಿ, ಜಾಕ್ ಒಂದು ಇರಲಿ. ಘಾಟಿಯಲ್ಲಿ ರಾತ್ರಿ ಪಂಕ್ಚರ್ ಆದರೆ ಯಾರೂ ಸಿಗುವುದಿಲ್ಲ. ಸೀಟ್ ಬೆಲ್ಟ್, ತಲೆಯ ಹಿಂದಿನ ದಿಂಬು, ಬಾಗಿಲೊಳಗಿನ ಕಬ್ಬಿಣದ ಪಟ್ಟಿ ಇವು ನಿಮ್ಮ ಜೀವ. ರ‍್ಯಾಲಿ ಕಾರಿನಲ್ಲಿ ಹಿಂದಿನ ಸೀಟು ಇಲ್ಲವಲ್ಲ ಎನ್ನುತ್ತೀರಿ. ಅವರು ಸೀಟು ತೆಗೆದು ಉಕ್ಕಿನ ಪಂಜರ ಕೂರಿಸಿರುತ್ತಾರೆ, ಹೆಲ್ಮೆಟ್ ಹಾಕಿರುತ್ತಾರೆ. ರಸ್ತೆಯ ಗಾಡಿಯನ್ನು ಹಾಗೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ.

ಹೊರೆ ಇಳಿಸಿದ ಮೇಲೆ ಟೈರಿನ ಗಾಳಿ ನೋಡಿಕೊಳ್ಳಿ. ಭಾರ ಇದೆ ಅಂತ ಜಾಸ್ತಿ ಹಾಕಿಸಿದ್ದರೆ ಕಂಪನಿ ಹೇಳಿದ ಅಳತೆಗೆ ಇಳಿಸಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ. ನಮಸ್ಕಾರ.