ಬೀರುವಿನಲ್ಲೇ ಹರಿದ ಸೀರೆ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೂ ಕೇಳಿಸುತ್ತಿದೆ ಅಲ್ವಾ? ಸರಿ, ಹಾಗಾದರೆ ಮೈಕ್ ಬೇಡ.

ಈ ಮೇಜಿನ ಮೇಲೆ ಹಾಸಿರುವುದು ನಮ್ಮಜ್ಜಿಯ ಧಾರೆ ಸೀರೆ. ನೀವು ಕೂತಿರುವ ಜಾಗದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಅರಗಿನ ಬಣ್ಣದ ಒಡಲು, ಗೇಣಗಲದ ಜರಿ ಅಂಚು, ಮೂಲೆಯಲ್ಲಿ ಅವತ್ತು ಹಚ್ಚಿದ ಅರಿಶಿನದ ಗುರುತು. ಹತ್ತಿರ ಬಂದರೆ ಗೊತ್ತಾಗುತ್ತದೆ. ಮಡಿಕೆ ಇದ್ದ ಕಡೆಯಲ್ಲೆಲ್ಲ ಬ್ಲೇಡಿನಿಂದ ಗೀರಿದ ಹಾಗೆ ಸೀಳಿದೆ. ಅಂಚು ಹಿಡಿದುಕೊಂಡಿದೆ ಅಂತ ಇದಕ್ಕೆ ಇನ್ನೂ ಸೀರೆ ಅನ್ನಬಹುದು, ಅಷ್ಟೇ.

ಅಜ್ಜಿ ಇದನ್ನು ಉಟ್ಟದ್ದು ಹೆಚ್ಚೆಂದರೆ ಹತ್ತು ಸಲ. ಆಮೇಲೆ ನಮ್ಮಮ್ಮ ಇದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ನಾಲ್ಕು ನುಸಿ ಗುಳಿಗೆ ಸೇರಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಬೀರುವಿನ ಲಾಕರಿನಲ್ಲಿ ಇಟ್ಟರು. ಮೂವತ್ತು ವರ್ಷ ಯಾರೂ ಮುಟ್ಟಲಿಲ್ಲ. ಮುಟ್ಟಿದರೆ ಬೈಗುಳ. ಅಷ್ಟು ಜೋಪಾನ ಮಾಡಿದ್ದಕ್ಕೇ ಇದು ಈ ಗತಿಗೆ ಬಂತು. ಟೈಲರ್ ಆಗಿ ಇಷ್ಟು ವರ್ಷದಲ್ಲಿ ನಾನು ಕಂಡದ್ದೂ ಅದೇ. ಹಳೆ ಬಟ್ಟೆಗಳು ಉಟ್ಟು ಸವೆಯುವುದಕ್ಕಿಂತ ನಮ್ಮ ಜೋಪಾನದಿಂದ ಹಾಳಾಗುವುದೇ ಜಾಸ್ತಿ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನಾನು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ಗೂಡು ಬಿಚ್ಚಿ ನೂಲು ತೆಗೆಯುವವರ ಮನೆಯಲ್ಲಿ. ಬೆಳಗ್ಗೆ ಎದ್ದರೆ ಬೀದಿಯೆಲ್ಲ ಬೆಂದ ಹುಳುವಿನ ವಾಸನೆ. ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಬಿಸಿ ನೀರಿನ ಬಾಣಲೆಯಿಂದ ಎಳೆ ಎತ್ತುವಾಗ ಬೆರಳಿಗೆ ಒಂದು ಥರ ಅಂಟು ಹತ್ತುತ್ತದೆ. ಅದು ಸೆರಿಸಿನ್. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಈ ಅಂಟೇ. ನೂಲನ್ನು ಸೋಪು ನೀರಿನಲ್ಲಿ ಕುದಿಸಿ ಅಂಟು ತೆಗೆದ ಮೇಲೆ ಒಳಗಿನ ಎಳೆ ಹೊಳೆಯುತ್ತದೆ. ಅದರ ಹೆಸರು ಫೈಬ್ರೊಯಿನ್. ಇದು ಪ್ರೋಟೀನ್. ನಮ್ಮ ಕೂದಲಿನ ಹಾಗೆ, ಉಣ್ಣೆಯ ಹಾಗೆ.

ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಅರ್ಧ ತಪ್ಪು ತಪ್ಪುತ್ತದೆ. ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ಇದೆಯಲ್ಲ, ಅದರಲ್ಲಿ ರೇಷ್ಮೆ ಎಳೆ ನೆನೆಹಾಕಿ ನೋಡಿ. ಬಣ್ಣ ಹೋಗುವುದಿರಲಿ, ಎಳೆಯೇ ಕರಗುತ್ತದೆ. ಕಲೆ ತೆಗೆಯುವ ಎಂಜೈಮ್ ಇರುವ ಪೌಡರುಗಳೂ ಅಷ್ಟೇ. ಹಾಲು, ರಕ್ತ, ಮೊಟ್ಟೆಯಂಥ ಪ್ರೋಟೀನ್ ಕಲೆಯನ್ನು ತಿನ್ನಲಿ ಅಂತ ಅದನ್ನು ಹಾಕಿರುತ್ತಾರೆ. ಪಾಪ, ಅದಕ್ಕೆ ಹಾಲು ಯಾವುದು, ಸೀರೆ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಈಗ ಈ ಸೀರೆಗೆ ಏನೇನಾಯಿತು ನೋಡೋಣ. ಮೊದಲು ಮಡಿಕೆ. ಒಂದು ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸಿಟ್ಟರೆ ಅಲ್ಲೇ ತಾನೇ ಮುರಿಯುವುದು? ಇಲ್ಲಿಯೂ ಹಾಗೆ. ಮೂವತ್ತು ವರ್ಷ ಅದದೇ ಎಳೆಗಳು ಬಾಗಿಕೊಂಡೇ ಇದ್ದವು. ಜೊತೆಗೆ ಮೇಲೆ ಹತ್ತು ಸೀರೆಗಳ ಭಾರ. ಇನ್ನು ಜರಿ ಅಂದರೇನು, ನಿಜಕ್ಕೂ ತಂತಿ. ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ತೆಳು ಪಟ್ಟಿ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟಿರುತ್ತಾರೆ. ಮಡಿಕೆಯಲ್ಲಿ ಅದು ಪಕ್ಕದ ರೇಷ್ಮೆಯನ್ನು ಮೆಲ್ಲಗೆ ಕೊಯ್ಯುತ್ತಿರುತ್ತದೆ.

ಆಮೇಲೆ ಪ್ಲಾಸ್ಟಿಕ್. ಕವರಿನೊಳಗೆ ಹೋದ ತೇವ ಹೊರಗೆ ಬರುವುದಿಲ್ಲ. ಮಳೆಗಾಲದಲ್ಲಿ ಒಳಗಿಟ್ಟಿದ್ದರೆ ಮಳೆಗಾಲವನ್ನೇ ಕಟ್ಟಿಟ್ಟ ಹಾಗೆ. ಬೂಷ್ಟು ಬರುವುದು ಅಲ್ಲಿಂದಲೇ. ಜರಿ ಕಪ್ಪಾಗುವುದು ಬೇರೆ ಕಥೆ. ಬೆಳ್ಳಿಗೆ ಗಂಧಕ ಕಂಡರೆ ಆಗುವುದಿಲ್ಲ. ಗಾಳಿಯಲ್ಲಿರುವ ಅಷ್ಟಿಷ್ಟು ಗಂಧಕವೇ ಸಾಕು, ನಿಧಾನವಾಗಿ ಕಪ್ಪು ಹಿಡಿಸುತ್ತದೆ. ರಬ್ಬರನ್ನು ಗಟ್ಟಿ ಮಾಡುವುದೂ ಗಂಧಕ ಹಾಕಿಯೇ. ಹಾಗಾಗಿ ನೋಡಿ, ಇಲ್ಲಿ ಅಂಚಿಗೆ ಅಡ್ಡವಾಗಿ ಒಂದು ಕಪ್ಪು ಪಟ್ಟೆ ಇದೆ. ಎರಡು ಬೆರಳಗಲ ಕೂಡ ಇಲ್ಲ. ಸರಿಯಾಗಿ ರಬ್ಬರ್ ಬ್ಯಾಂಡ್ ಕೂತಿದ್ದ ಜಾಗ.

ಕಪ್ಪಾದ ಜರಿಯನ್ನು ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಮೇಲಿನ ಚಿನ್ನ ಕಣ್ಣಿಗೆ ಕಾಣದಷ್ಟು ತೆಳು. ಉಜ್ಜಿದರೆ ಮೊದಲು ಹೋಗುವುದು ಅದೇ. ಕಪ್ಪಾಗಿರುವ ಜರಿ ಹಾಗೇ ಇರಲಿ, ಅದರಿಂದ ಸೀರೆಗೆ ಅವಮಾನವೇನೂ ಇಲ್ಲ. ಬೀದಿಯಲ್ಲಿ 'ಹಳೇ ಜರಿ ಸೀರೆ' ಅಂತ ಕೂಗಿಕೊಂಡು ಬರುವವರಿಗೆ ಮಾತ್ರ ಅವಸರದಲ್ಲಿ ಕೊಡಬೇಡಿ. ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಜರಿಯ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಿ. ಕೆಂಪಗೆ ತಾಮ್ರ ಕಂಡರೆ ಅದು ಬರೀ ಬೆಳ್ಳಿಯ ಲೇಪ. ಬೆಳ್ಳಗೆ ಕಂಡರೆ ನಿಮ್ಮಜ್ಜಿ ಒಳ್ಳೆಯ ಸೀರೆಯನ್ನೇ ತೆಗೆದಿದ್ದರು ಅಂತ ಅರ್ಥ.

ಇನ್ನು ನುಸಿ ಗುಳಿಗೆ. ಅದು ಕರಗಿ ನೀರಾಗುವುದಿಲ್ಲ, ಸೀದಾ ಆವಿಯಾಗುತ್ತದೆ. ಆ ಆವಿ ಬಟ್ಟೆಯ ಎಳೆ ಎಳೆಯಲ್ಲೂ ಕೂರುತ್ತದೆ. ಹುಳುಗಳಿಗೆ ಅದು ವಿಷ, ನಿಜ. ಆದರೆ ನಮ್ಮಲ್ಲಿ ಒಂದು ಅಭ್ಯಾಸ ಇದೆ. ಮಗು ಹುಟ್ಟಿದಾಗ ಅಜ್ಜಿಯ ಹಳೆ ಸೀರೆ ಮೆತ್ತಗಿರುತ್ತದೆ ಅಂತ ಬೀರುವಿನಿಂದ ತೆಗೆದು ಅದರಲ್ಲಿ ಸುತ್ತುತ್ತೇವೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-ಸಿಕ್ಸ್-ಪಿಡಿ ಅನ್ನುವ ಎಂಜೈಮಿನ ಕೊರತೆ ಇರುತ್ತದೆ. ಅಂಥ ಮಗುವಿಗೆ ಈ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ತಾಗಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಯಾವ ಮಗುವಿಗೆ ಕೊರತೆ ಇದೆ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಗುಳಿಗೆ ವಾಸನೆಯ ಬಟ್ಟೆಯನ್ನು ಹಸುಗೂಸಿಗೆ ಸುತ್ತಲೇಬೇಡಿ.

ಬೇವಿನೆಲೆ, ಲಾವಂಚ, ಬಜೆ ಇಡುತ್ತಾರಲ್ಲ ಅಂತ ಕೇಳುತ್ತೀರಿ. ಇಡಿ. ಚೆನ್ನಾಗಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಸೀರೆಗೆ ತಾಗದ ಹಾಗೆ. ಎಣ್ಣೆ ಅಂಶ ತಾಗಿದರೆ ಕಲೆಯಾಗುತ್ತದೆ. ಇವು ಬರುವ ಹುಳುವನ್ನು ಸ್ವಲ್ಪ ದೂರ ಇಡುತ್ತವೆ, ಆಗಲೇ ಬಂದು ಮೊಟ್ಟೆಯಿಟ್ಟದ್ದನ್ನು ಕೊಲ್ಲುವುದಿಲ್ಲ. ಹುಳು ಹೆಚ್ಚಾಗಿ ಬರುವುದು ಕೊಳೆಗೆ. ಬೆವರು, ಚೆಲ್ಲಿದ ಪಾಯಸ, ಗಂಜಿ. ಪುಸ್ತಕದಲ್ಲಿ ಓಡಾಡುವ ಬೆಳ್ಳಗಿನ ಮೀನಿನಂಥ ಹುಳು ಇದೆಯಲ್ಲ, ಅದಕ್ಕೆ ಗಂಜಿ ಅಂದರೆ ಪ್ರಾಣ. ಅದಕ್ಕೇ ಗಂಜಿ ಹಾಕಿದ ಹತ್ತಿ ಸೀರೆಯನ್ನು ವರ್ಷಗಟ್ಟಲೆ ಎತ್ತಿಡಬಾರದು. ಗಂಜಿ ತೊಳೆದು ಇಡಬೇಕು. ಶಿರಾ ಕಡೆಯ ಕಂಬಳಿ ಇರುವವರು ಇದನ್ನು ಗಮನಿಸಿ, ಅದಕ್ಕೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ.

ಉಣ್ಣೆಗೆ ಹುಳು ಬಿದ್ದೇಬಿಟ್ಟಿದ್ದರೆ ಒಂದು ದಾರಿ ಇದೆ, ಮ್ಯೂಸಿಯಂನವರೂ ಮಾಡುವುದು. ತಣ್ಣಗೆ ಮಾಡಿ ಕೊಲ್ಲುವುದು. ನಮ್ಮ ತಾತನ ಮದುವೆ ಕೋಟಿಗೆ ಹುಳು ಬಿದ್ದಾಗ ನಾನು ಮಾಡಿದ್ದು ಇದನ್ನೇ. ಕೋಟನ್ನು ಗಾಳಿಯಾಡದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಪರಿಚಯದ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ 2 ವಾರ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಲಿಲ್ಲ. ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಹನಿಗಟ್ಟುತ್ತದೆ. ಪ್ಲಾಸ್ಟಿಕ್ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಕೋಟು ಉಳಿಯಿತು. 'ನಮ್ಮ ಸೊಸೆ ಕೋಟನ್ನ ಐಸ್‌ಕ್ರೀಮ್ ಜೊತೆ ಇಟ್ಟಿದ್ದಾಳೆ' ಅಂತ ನಮ್ಮತ್ತೆ ಇಡೀ ಬೀದಿಗೆ ಹೇಳಿಕೊಂಡು ಬಂದರು.

ಕೋಟಿನ ಮಾತು ಬಂತಲ್ಲ, ಒಂದು ಕೇಳುತ್ತೇನೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ತಾತನ ರುಮಾಲೋ ಪೇಟವೋ ಇದೆ? ಕೈ ಎತ್ತಿ. ಎರಡು, ಮೂರು. ನೋಡಿದಿರಾ? ಇದೇ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ಪೇಟ ಇಲ್ಲದೆ ನೆನಪಿಸಿಕೊಳ್ಳಲು ಆಗುತ್ತದಾ? ಹೆಂಗಸರ ಸೀರೆಗೆ ಲಾಕರು, ಗಂಡಸರ ಬಟ್ಟೆಗೆ ಸ್ಟೀಲ್ ಪಾತ್ರೆಯವನ ಗಂಟು. ನಮ್ಮ ಮನೆಯ ಎರಡು ರುಮಾಲು ಕೊಟ್ಟು ಒಂದು ಜರಡಿ ತಗೊಂಡಿದ್ದೇವೆ. ಜರಡಿಯೂ ಈಗ ಇಲ್ಲ.

ತೊಳೆಯುವ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಬ್ಬರು ಹಳದಿ ಒಡಲು, ಕೆಂಪಂಚಿನ ಹಳೆ ರೇಷ್ಮೆ ತಂದುಕೊಟ್ಟರು. ಅಂಟುವಾಳದ ಕಾಯಿ ಒಳ್ಳೆಯದು, ಅದರಿಂದ ಏನೂ ಆಗುವುದಿಲ್ಲ ಅನ್ನುವ ಧೈರ್ಯದಲ್ಲಿ ಬಕೆಟ್ಟಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ನೀರು ಕೆಂಪು. ಎತ್ತಿ ನೋಡಿದರೆ ಹಳದಿ ಒಡಲಿನ ತುಂಬ ಗುಲಾಬಿ ಮೋಡ. ಅವರು ಏನೂ ಅನ್ನಲಿಲ್ಲ, ಸೀರೆಯನ್ನು ಮಡಿಸಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು. ಅವತ್ತಿನಿಂದ ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಒಂದೊಂದು ಬಣ್ಣದ ಮೇಲೂ ಐದು ನಿಮಿಷ ಒತ್ತಿ ಹಿಡಿಯದೆ ನಾನು ಯಾವ ಸೀರೆಗೂ ನೀರು ತೋರಿಸಿಲ್ಲ. ಬಿಳಿ ಬಟ್ಟೆಗೆ ಒಂದಿಷ್ಟು ಬಣ್ಣ ಬಂದರೂ ತೊಳೆಯುವುದಿಲ್ಲ. ಸೀಳಲು ಶುರುವಾಗಿರುವ ಸೀರೆಯನ್ನಂತೂ ಇಲ್ಲವೇ ಇಲ್ಲ. ನೀರು ಕುಡಿದ ರೇಷ್ಮೆ ತನ್ನ ಭಾರವನ್ನು ತಾನೇ ತಡೆಯಲಾರದು. ರೋಲ್ ಪಾಲಿಶ್‌ಗೆ ಕೊಟ್ಟರೆ ಯಂತ್ರ ಎಳೆದಾಡುತ್ತದೆ. ಹೊಸ ಸೀರೆಗೆ ಸರಿ, ಐವತ್ತು ವರ್ಷದ ಸೀರೆಗೆ ಅಲ್ಲ.

ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ, ನೋಡಿರುತ್ತೀರಿ. ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಈ ಕಲೆ ಬಿಸಿಲಿಗೆ ಮಾಸುತ್ತದೆ. ಆದರೆ ಬಿಸಿಲಿಗೆ ರೇಷ್ಮೆಯೂ ಮಾಸುತ್ತದೆ, ಎಳೆಯೂ ಸೊರಗುತ್ತದೆ. ಮ್ಯೂಸಿಯಂಗಳಲ್ಲಿ ಬಟ್ಟೆಯ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಹೊರಗಿನ ಬಿಸಿಲು ಹತ್ತಾರು ಸಾವಿರ ಲಕ್ಸ್. ನಾನಾದರೆ ಅರಿಶಿನವನ್ನು ಹಾಗೇ ಬಿಡುತ್ತೇನೆ. ಧಾರೆ ಸೀರೆಯಲ್ಲಿ ಅರಿಶಿನ ಇಲ್ಲದೆ ಇನ್ನೇನು ಇರಬೇಕು?

ಕಪ್ಪು ಬಣ್ಣದ ಬಗ್ಗೆ ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಹಳೆ ಚೌಕಳಿ ಬಟ್ಟೆಗಳಲ್ಲಿ ಕರಿ ಗೆರೆಗಳು ಮಾತ್ರ ಪುಡಿಯಾಗಿ, ಮಿಕ್ಕ ಬಣ್ಣ ಗಟ್ಟಿಯಾಗಿರುವುದನ್ನು ನೋಡಿದ್ದೀರಾ? ಹಿಂದೆ ಕಪ್ಪು ಮಾಡುತ್ತಿದ್ದದ್ದು ಎಷ್ಟೋ ಸಲ ಕಬ್ಬಿಣದಿಂದ. ಗಡಿಯಾಚೆ ಶ್ರೀಕಾಳಹಸ್ತಿಯ ಕಲಂಕಾರಿಯಲ್ಲಿ ಈಗಲೂ ಕಬ್ಬಿಣದ ಚೂರು, ಬೆಲ್ಲ ನೆನೆಹಾಕಿ ಕಪ್ಪು ತೆಗೆಯುತ್ತಾರೆ. ಆ ಕಬ್ಬಿಣ ವರ್ಷಗಳು ಕಳೆದ ಹಾಗೆ ಎಳೆಯನ್ನು ತಿನ್ನುತ್ತದೆ. ಅದನ್ನು ನಿಲ್ಲಿಸುವ ಮದ್ದು ಮನೆಯಲ್ಲಿಲ್ಲ. ಬೆಳಕು, ತೇವ ಕಡಿಮೆ ಮಾಡಬಹುದು, ಅಷ್ಟೇ.

ತೇವದ ವಿಷಯದಲ್ಲಿ ನಾವು ಪುಣ್ಯವಂತರು. ಮಲೆನಾಡಿನವರಿಗೆ, ಮಂಗಳೂರಿನವರಿಗೆ ಇರುವ ಕಷ್ಟ ನಮಗಿಲ್ಲ. ನಮ್ಮದು ಒಣ ಸೀಮೆ. ಕೆರೆಯಲ್ಲಿ ನೀರಿಲ್ಲದ್ದು ಬೀರುವಿಗಾದರೂ ಒಳ್ಳೆಯದಾಯಿತು! ಧೂಳು ಮಾತ್ರ ಜಾಸ್ತಿ. ಹಾಗಾಗಿ ಸೀರೆಯನ್ನು ಮಲ್ ಬಟ್ಟೆಯಲ್ಲೋ ಕೋರಾ ಬಟ್ಟೆಯಲ್ಲೋ ಸುತ್ತಿ. ಹೊಸ ಬಟ್ಟೆಯಾದರೆ ಎರಡು ಸಲ ಒಗೆದು ಗಂಜಿ ಬಿಡಿಸಿ. ನ್ಯೂಸ್‌ಪೇಪರ್ ಬೇಡ, ಅದರ ಹುಳಿ, ಮಸಿ ಎರಡೂ ಇಳಿಯುತ್ತವೆ. ಭಾರದ ಸೀರೆಯನ್ನು ಹ್ಯಾಂಗರಿಗೆ ತೂಗುಹಾಕಬೇಡಿ. ಉಟ್ಟು ಬಂದ ರಾತ್ರಿಯೇ ಮಡಿಸಿ ಒಳಗಿಡಬೇಡಿ, ಬೆವರು ಆರುವ ತನಕ ಫ್ಯಾನ್ ಕೆಳಗೆ ಹರಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಒಂದು ದಿನ ಎಲ್ಲವನ್ನೂ ಹೊರತೆಗೆದು ಮಡಿಕೆ ಬದಲಿಸಿ. ಆಮೇಲೆ ಮೂರ್ನಾಲ್ಕು ತಿಂಗಳಿಗೊಮ್ಮೆ.

ಜೊತೆಗೆ ಒಂದು ಚೀಟಿ. ಯಾರ ಸೀರೆ, ಯಾವ ಊರಿನಲ್ಲಿ ತೆಗೆದದ್ದು, ಯಾರ ಮದುವೆಗೆ. ಬಾಲ್‌ಪೆನ್ ಬೇಡ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಈ ಸೀರೆಯನ್ನು ಎಲ್ಲಿಂದ ತಂದರು ಅಂತ ಅಜ್ಜಿಯನ್ನು ನಾನು ಕೇಳಲೇ ಇಲ್ಲ. ಈಗ ಹೇಳಲು ಮನೆಯಲ್ಲಿ ಯಾರೂ ಇಲ್ಲ.

ಸೀಳಿದ ಮೇಲೆ ಏನು ಮಾಡುವುದು? ಗೋಂದು, ಇಸ್ತ್ರಿ ಹಾಕಿ ಅಂಟಿಸುವ ಕ್ಯಾನ್ವಾಸ್ ಎರಡೂ ಬೇಡ. ಇಲ್ಲಿ ನೋಡಿ, ಸೆರಗಿನ ಹತ್ತಿರ ನಾನು ಒಂದು ಮೊಳ ರಿಪೇರಿ ಮಾಡಿದ್ದೇನೆ. ಅಡಿಯಲ್ಲಿ ಅದೇ ಬಣ್ಣದ ತೆಳು ಬಟ್ಟೆ ಕೊಟ್ಟು, ಸೀಳಿನ ಎರಡೂ ಕಡೆ ಸಡಿಲವಾಗಿ ಹೊಲಿಗೆ ಹಾಕಿದ್ದೇನೆ. ದಾರ ಈ ಸೀರೆಯದ್ದೇ, ತುದಿಯಿಂದ ಒಂದೊಂದೇ ಎಳೆ ಬಿಡಿಸಿಕೊಂಡದ್ದು. ಹಳೆ ಬಟ್ಟೆಗೆ ಅದಕ್ಕಿಂತ ಗಟ್ಟಿ ದಾರ ಹಾಕಿದರೆ ಆ ದಾರವೇ ಬಟ್ಟೆಯನ್ನು ಕೊಯ್ಯುತ್ತದೆ. ಈ ಒಂದು ಮೊಳಕ್ಕೆ ನನಗೆ ಆರು ಸಂಜೆ ಹಿಡಿಯಿತು.

ಒಡಲು ಪೂರ್ತಿ ಹೋಗಿದ್ದರೆ ಅಂಚು ಬಿಡಿಸಿ ಮೊಮ್ಮಗಳ ಲಂಗಕ್ಕೆ ಹಾಕಿ. ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ, ನನ್ನ ಹೊಟ್ಟೆಪಾಡೂ ಅದೇ. ಹತ್ತಿ ಸೀರೆಗಳನ್ನು ಬೊಂತೆ, ಅಂದರೆ ಕೌದಿ ಹೊಲಿಯಿರಿ. ನಮ್ಮಜ್ಜಿ ದಿನಾ ಉಡುತ್ತಿದ್ದ ಸೀರೆಗಳೆಲ್ಲ ಬೊಂತೆಯೊಳಗೆ ಇವತ್ತಿಗೂ ಗಟ್ಟಿಯಾಗಿವೆ.

ಸರಿ, ಇನ್ನು ಇದನ್ನು ಮಡಿಸಬೇಕು. ಒಬ್ಬಳಿಂದ ಆಗುವುದಿಲ್ಲ, ಮುಂದಿನ ಸಾಲಿನಿಂದ ಇಬ್ಬರು ಬನ್ನಿ. ಉಂಗುರ ತೆಗೆಯಿರಿ, ಬಳೆ ಮೊಣಕೈಗೆ ಏರಿಸಿಕೊಳ್ಳಿ, ಎಳೆಗೆ ಸಿಕ್ಕಿಕೊಳ್ಳುತ್ತದೆ. ಎಳೆಯಬೇಡಿ, ಕೆಳಗಿನಿಂದ ಅಂಗೈ ಕೊಡಿ. ಮಡಿಕೆಯೊಳಗೆ ಈ ಮಲ್ ಬಟ್ಟೆಯ ಸುರುಳಿ ಇಡಿ, ಗೆರೆ ಬೀಳಬಾರದು. ಹಳೆಯ ಜಾಗದಲ್ಲಿ ಬೇಡಮ್ಮಾ, ಅಲ್ಲಿಂದ ನಾಲ್ಕು ಬೆರಳು ಈಚೆಗೆ. ಹಾಂ, ಹಾಗೇ.