ಟಂಕಸಾಲೆಯ ತಪ್ಪು, ಬೀದಿಯ ಪೆಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡು ಚಿಲ್ಲರೆ ಇಸ್ಕೊಂಡಾಗ ಅದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಎಣಿಸುತ್ತಾರೆ, ಜೇಬಿಗೆ ಹಾಕುತ್ತಾರೆ, ಅಷ್ಟೇ. ನಾನು ನೋಡುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ. ತಪ್ಪಾಗಿ ಅಚ್ಚಾದ ನಾಣ್ಯ ಕೆಲವೊಮ್ಮೆ ಸಿಗುವುದು ಇಂಥ ಚಿಲ್ಲರೆಯಲ್ಲೇ.

ವಿಚಿತ್ರವಾಗಿ ಕಂಡ ನಾಣ್ಯವೆಲ್ಲ ತಪ್ಪು ನಾಣ್ಯ ಅಲ್ಲ. ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಪೆಟ್ಟು ಟಂಕಸಾಲೆಯ ಒಳಗೆ ಬಿತ್ತಾ, ಹೊರಗೆ ಬಿತ್ತಾ? ಒಳಗೆ ಬಿದ್ದಿದ್ದರೆ ಸಂಗ್ರಹಕ್ಕೆ ಬೆಲೆ. ಹೊರಗೆ ಬಿದ್ದಿದ್ದರೆ ಅದು ಜಜ್ಜಿದ ನಾಣ್ಯ, ಬೇರೇನೂ ಅಲ್ಲ. ಸಕಲೇಶಪುರದ ಕಡೆ ಹುಡುಗರು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವನ್ನೂ ‘ಅಪರೂಪ ಸಾರ್’ ಅಂತ ತಂದು ತೋರಿಸುವವರಿದ್ದಾರೆ.

ಇದು ಗೊತ್ತಾಗಬೇಕಾದರೆ ನಾಣ್ಯ ಹೇಗೆ ತಯಾರಾಗುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಮೊದಲು ಲೋಹದ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆಮೇಲೆ ಬಿಲ್ಲೆಯ ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ. ಕೊನೆಗೆ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಸುತ್ತ ಒಂದು ಉಕ್ಕಿನ ಬಳೆ. ಯಂತ್ರ ಒಮ್ಮೆ ಒತ್ತಿದರೆ ನಾಣ್ಯ ಸಿದ್ಧ. ಈ ಒಂದೊಂದು ಹಂತದಲ್ಲೂ ಎಡವಟ್ಟಾಗಬಹುದು. ಒಂದೊಂದು ಎಡವಟ್ಟಿಗೂ ಅದರದೇ ಗುರುತು.

ಅಂಚು ಕಚ್ಚಿದ ನಾಣ್ಯವನ್ನೇ ತಗೊಳ್ಳಿ. ಪಾನಿಪೂರಿಗೆ ಹಿಟ್ಟು ಲಟ್ಟಿಸಿ ಡಬ್ಬಿ ಮುಚ್ಚಳದಿಂದ ಒತ್ತುವಾಗ, ಮೊದಲೇ ಕತ್ತರಿಸಿದ ಜಾಗದ ಮೇಲೆ ಮುಚ್ಚಳ ಬಿದ್ದರೆ ಪೂರಿಗೆ ಒಂದು ಪಕ್ಕ ಕಮಾನಿನ ಹಾಗೆ ಕಚ್ಚು ಬೀಳುತ್ತದೆ ಅಲ್ವಾ? ಬಿಲ್ಲೆಗೂ ಹಾಗೇ ಆಗುತ್ತದೆ. ಆದರೆ ಅರ ಹಿಡಿದು ಇಂಥ ಕಚ್ಚು ಮಾಡುವ ಚಾಲಾಕಿಗಳೂ ಇದ್ದಾರೆ. ಅದನ್ನು ಹಿಡಿಯಲು ಕಚ್ಚನ್ನು ನೋಡಬೇಡಿ, ಅದರ ನೇರ ಎದುರಿನ ಅಂಚು ನೋಡಿ. ಬಿಲ್ಲೆಯ ಅಂಚು ಎತ್ತರಿಸುವ ಯಂತ್ರ ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಕಚ್ಚು ಇರುವ ಕಡೆ ಒತ್ತಲು ಲೋಹವೇ ಇಲ್ಲ, ಹಾಗಾಗಿ ಎದುರಿನ ಕಡೆಗೂ ಒತ್ತಡ ಸಾಲದು. ನಿಜವಾದ ಕಚ್ಚಾದರೆ ಅದರ ಎದುರಿನ ಅಂಚು ಸಾಮಾನ್ಯವಾಗಿ ತೆಳುವಾಗಿ, ಮಸುಕಾಗಿರುತ್ತದೆ. ಅರದಿಂದ ತಿಕ್ಕಿದ್ದಾದರೆ ಎದುರಿನ ಅಂಚು ಗಟ್ಟಿಮುಟ್ಟಾಗಿ ನಿಂತಿರುತ್ತದೆ.

ಇನ್ನೊಂದು ಪರೀಕ್ಷೆಗೆ ಬೆರಳಿನ ಉಗುರೇ ಸಾಕು. ನಾಣ್ಯದ ಮೇಲೆ ಒಂದು ಗೆರೆ ಕಂಡರೆ ಉಗುರಿನಿಂದ ಸವರಿ. ಗೆರೆ ಉಬ್ಬಿದ್ದರೆ ಅಚ್ಚೇ ಬಿರುಕು ಬಿಟ್ಟಿತ್ತು ಅಂತ ಲೆಕ್ಕ, ಆ ಬಿರುಕಿನೊಳಗೆ ಲೋಹ ನುಗ್ಗಿ ಗೆರೆಯಾಗಿದೆ. ತಗ್ಗಿದ್ದರೆ ಸುಮ್ನೆ ಗೀಚು. ಹೆಚ್ಚಿನ ಅನುಮಾನಗಳು ಇಲ್ಲೇ ಬಗೆಹರಿಯುತ್ತವೆ.

ಸಂಗ್ರಹಕಾರರು ಆಸೆಪಡುವುದು ‘ಲಖಿ’ ಅನ್ನುವ ನಾಣ್ಯಕ್ಕೆ. ಹಿಂದೆ ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿಯುತ್ತದೆ. ಮುಂದಿನ ಬಿಲ್ಲೆ ಬಂದಾಗ ಅಂಟಿದ ನಾಣ್ಯವೇ ಅಚ್ಚಿನ ಕೆಲಸ ಮಾಡುತ್ತದೆ. ಆಗ ಒಂದು ಕಡೆ ಸಿಂಹ ಎಂದಿನಂತೆ ಉಬ್ಬಿ ನಿಂತಿರುತ್ತದೆ. ಮಗುಚಿದರೆ ಅದೇ ಸಿಂಹ ಒಳಕ್ಕೆ ಕುಸಿದು, ಎಡ ಬಲವಾಗಿ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಕೈಯಲ್ಲಿ ಹಿಡಿದು ನೋಡಲು ಬಲು ಚೆನ್ನ. ಎರಡೂ ಕಡೆ ಉಬ್ಬಿದ ಸಿಂಹವೇ ಇರುವ ನಾಣ್ಯ ಯಾರಾದರೂ ತಂದರೆ ಮಾತ್ರ ಅನುಮಾನಪಡಿ. ಎರಡು ನಾಣ್ಯ ತೆಳುವಾಗಿ ಕೊರೆದು ಅಂಟಿಸಿದ ಕೆಲಸವೇ ಜಾಸ್ತಿ. ಅಂಚಿನ ಒಳಬದಿಯಲ್ಲಿ ಬೆಸುಗೆಯ ಗೆರೆ ಹುಡುಕಿ. ಕಲ್ಲಿನ ಮೇಲೆ ಬೀಳಿಸಿದರೆ ಸದ್ದೂ ಮಂಕಾಗಿರಬಹುದು.

ಚಿತ್ರ ಪಕ್ಕಕ್ಕೆ ಜಾರಿ ಇನ್ನೊಂದು ಪಕ್ಕ ಬೋಳಾಗಿರುವ ನಾಣ್ಯಕ್ಕೂ ಬೆಲೆಯಿದೆ, ಅದರಲ್ಲೂ ಇಸವಿ ಉಳಿದಿದ್ದರೆ ಜಾಸ್ತಿ. ಅಚ್ಚು ತಿರುಗಿದ್ದನ್ನು ಮನೆಯಲ್ಲೇ ನೋಡಬಹುದು. ಸಿಂಹ ನೆಟ್ಟಗಿರುವಂತೆ ನಾಣ್ಯದ ತಲೆ ಬುಡ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯದಲ್ಲಿ ಹಿಂಬದಿಯೂ ನೆಟ್ಟಗೇ ಬರಬೇಕು. ತಲೆಕೆಳಗಾಗಿ ಬಂದರೆ ಎತ್ತಿಡಿ. ಚೂರು ವಾಲಿದ್ದರೆ ಬಿಡಿ.

ತಪ್ಪೇ ಅಲ್ಲದ್ದನ್ನು ತಪ್ಪು ಅನ್ನುವುದೂ ಉಂಟು. ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಹೈದರಾಬಾದ್, ವಜ್ರದಾಕಾರ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಅವು ಟಂಕಸಾಲೆಯ ಗುರುತುಗಳು. 10 ರೂಪಾಯಿಯಲ್ಲಿ ರೂಪಾಯಿ ಚಿಹ್ನೆ ಇರುವುದು, ಇಲ್ಲದಿರುವುದು ಕೂಡ ತಪ್ಪಲ್ಲ. 14 ವಿನ್ಯಾಸಗಳಿವೆ, ಎಲ್ಲವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿತು. ಆದರೂ ನಮ್ಮೂರಿನ ಅಂಗಡಿಗಳಲ್ಲಿ ‘ಇದು ನಡೆಯಲ್ಲ’ ಅನ್ನುವ ಮಾತು ನಿಂತಿಲ್ಲ ಬಿಡಿ.

ಅಂದಹಾಗೆ, ಹಳೇಬೀಡಿನಿಂದ ಆಳಿದ ಹೊಯ್ಸಳರ ಚಿನ್ನದ ನಾಣ್ಯಕ್ಕೆ ಈ ಲೆಕ್ಕ ಹೊಂದುವುದಿಲ್ಲ. ವಿಷ್ಣುವರ್ಧನನ ನಾಣ್ಯದಲ್ಲಿ ‘ಶ್ರೀ ತಲಕಾಡುಗೊಂಡ’ ಅಂತ ಕನ್ನಡದಲ್ಲಿದೆ. ಸುತ್ತಿಗೆ ಏಟಿಗೆ ಮೂಡುತ್ತಿದ್ದ ಕಾಲದಲ್ಲಿ ಒಂದೆರಡು ಅಕ್ಷರ ಅಂಚಿನಾಚೆ ಹೋಗುವುದು ಮಾಮೂಲು. ಯಂತ್ರ ಒಂದೇ ಥರ ಮಾಡುತ್ತದೆ ಅನ್ನುವ ನಂಬಿಕೆ ಇದ್ದಲ್ಲಿ ಮಾತ್ರ ತಪ್ಪಿಗೆ ಬೆಲೆ.

ಬೆಲೆ ಅಂದಾಗ ಮೊಬೈಲಿಗೆ ಬರುವ ವಿಡಿಯೋಗಳ ಮಾತು. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಅನ್ನುತ್ತಾರೆ. ಶುಲ್ಕ ಕೇಳಿದ ಕೂಡಲೇ ಫೋನ್ ಇಟ್ಟುಬಿಡಿ. ಹಳೇ ನಾಣ್ಯ ಮಾರಿಸಿಕೊಡಲು ನಾವು ಯಾವ ಕಮಿಷನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದೆ. ಸಣ್ಣಪುಟ್ಟ ತಪ್ಪಿಗೆ ಮುಖಬೆಲೆಗಿಂತ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ದೊಡ್ಡದು.

ಸಿಕ್ಕಿದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದ ನಾಣ್ಯ ಸಂಗ್ರಹಕಾರರಿಗೆ ಬೇಡ. ಅಂಚು ಮಾತ್ರ ಹಿಡಿಯಿರಿ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಪುಟದಲ್ಲಿಟ್ಟರೆ ತಾಮ್ರ, ನಿಕಲ್ ನಾಣ್ಯಕ್ಕೆ ಹಸಿರು ಜಿಡ್ಡು ಕೂರುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಉಕ್ಕಿನ ನಾಣ್ಯಕ್ಕೂ ತುಕ್ಕಿನ ಚುಕ್ಕೆ ಬರಬಹುದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಜೊತೆಗೊಂದು ಚೀಟಿಯಲ್ಲಿ ಎಲ್ಲಿ ಸಿಕ್ಕಿತು, ಯಾವಾಗ, ತೂಕ ಎಷ್ಟು ಅಂತ ಬರೆದಿಡಿ. ತೂಕಕ್ಕೆ ಪರಿಚಯದ ಅಕ್ಕಸಾಲಿಗರ ತಕ್ಕಡಿ ಸಾಕು.

ನಮಸ್ಕಾರ.